ನೆಲಚರಿತೆಯನ್ನು ತಿದ್ದಿದವರು

ಬಯಲುನಾಡು ವಿಶ್ವವಿದ್ಯಾಲಯದಿಂದ ಫೋನು ಬಂದಾಗ ಫಾಮಿದಾ ತಿಪಟೂರಿನ ತಮ್ಮ ಮನೆಯ ಅಡುಗೆಕಟ್ಟೆಯ ಮುಂದೆ ನಿಂತು ಕಾಯಿ ತುರಿಯುತ್ತಿದ್ದರು. ಆ ಕಡೆ ಮಾತಾಡುತ್ತಿದ್ದವರು ಇತಿಹಾಸ ವಿಭಾಗದ ಯೋಗೀಶ್. ವಿಭಾಗ ಹೊರತರುವ ‘ನೆಲಚರಿತೆ’ ಪತ್ರಿಕೆಗೆ ಈಗ ಅವರೇ ಸಂಪಾದಕರು. ಪತ್ರಿಕೆಗೆ ನಲವತ್ತು ವರ್ಷ ತುಂಬುತ್ತಿದೆ, ಅದು ಬೆಳೆದು ಬಂದ ಬಗೆಯನ್ನು ಮೌಲ್ಯಮಾಪನ ಮಾಡಲು ಮೂವರ ಸಮಿತಿ ಆಗಿದೆ, ನಿಮ್ಮ ಹೆಸರನ್ನೂ ಸೇರಿಸಿದ್ದೇವೆ, ಇಲ್ಲ ಅನ್ನಬಾರದು ಎಂದರು. ಫಾಮಿದಾ ಇಲ್ಲ ಅನ್ನುವ ಮಾತೇ ಇರಲಿಲ್ಲ. ಕಾಲೇಜಿನಿಂದ ನಿವೃತ್ತರಾದ ಮೇಲೆ ಅವರನ್ನು ಯಾರೂ ಯಾವುದಕ್ಕೂ ಕರೆದಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ತಾವು ಇತಿಹಾಸಕಾರ್ತಿ ಅನ್ನಿಸಿಕೊಂಡದ್ದೇ ಆ ಪತ್ರಿಕೆಯಿಂದ ಎಂದು ಅವರು ನಂಬಿದ್ದರು.

ಅದು ಹೀಗಾಗಿತ್ತು. ತುರುವೇಕೆರೆಯ ಕಾಲೇಜಿಗೆ ಹೊಸದಾಗಿ ಸೇರಿದ್ದಾಗ ಅವರು ತಿಪಟೂರಿನ ಕೊಬ್ಬರಿ ಸಂತೆಯ ಬಗ್ಗೆ ಒಂದು ಲೇಖನ ಬರೆದು ನೆಲಚರಿತೆಗೆ ಕಳಿಸಿದ್ದರು. ಮಹಾರಾಜರು, ದಿವಾನರು, ರೈಲು, ದೊಡ್ಡ ದೊಡ್ಡ ವರ್ತಕರು, ಎಲ್ಲರೂ ಅದರಲ್ಲಿದ್ದರು. ಲೇಖನ ವಾಪಸ್ಸು ಬಂತು. ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿತ್ತು: ‘ಇಷ್ಟೂ ಕೊಬ್ಬರಿ ತಾನಾಗಿಯೇ ನಡೆದು ಹೋಗಿ ರೈಲು ಹತ್ತಿತೆ? ಕಾಯಿ ಸುಲಿದವರು, ಚೀಲ ಹೊಲಿದವರು, ಹೊತ್ತವರು ಎಲ್ಲಿ?’ ಓದಿ ಫಾಮಿದಾಗೆ ಕಪಾಳಕ್ಕೆ ಹೊಡೆದ ಹಾಗಾಗಿತ್ತು. ಅವರ ಅಪ್ಪ ಗುಲಾಮ್ ರಸೂಲ್ ಮಂಡಿಯ ಜಗಲಿಯ ಮೇಲೆ ದಬ್ಬಳ ಹಿಡಿದು ಗೋಣಿಚೀಲ ಹೊಲಿದೇ ಮಗಳನ್ನು ಓದಿಸಿದವರು. ಅಪ್ಪನ ಪಕ್ಕದಲ್ಲಿ ಹೋಗಿ ಕೂತು ಕೇಳತೊಡಗಿದರು. ಲೇಖನ ಬೇರೆಯೇ ಆಯಿತು, ಆಮೇಲೆ ಅದೇ ಪುಸ್ತಕವೂ ಆಯಿತು. ಆಗ ಸಂಪಾದಕರಾಗಿದ್ದವರು ಪ್ರೊಫೆಸರ್ ಮರುಳಸಿದ್ದಯ್ಯ. ‘ಚೀಲ ಹೊಲಿದವರ ಕಡೆಗೆ ನನ್ನನ್ನು ತಿರುಗಿಸಿದ ಗುರುಗಳು’ ಎಂದು ಮುನ್ನುಡಿಯಲ್ಲಿ ಬರೆದು, ಮೊದಲ ಪ್ರತಿಯನ್ನು ತಾವೇ ಒಯ್ದು ಅವರ ಕೈಗೆ ಕೊಟ್ಟಿದ್ದರು. ಮರುಳಸಿದ್ದಯ್ಯ ಆ ಪುಟ ಓದಿ, ಕನ್ನಡಕ ತೆಗೆದು, “ನನ್ನ ಪಾಲಿನ ಕೆಲಸ ಮಾಡಿದೆ ಅಷ್ಟೆ ಕಣಮ್ಮ” ಎಂದಿದ್ದರು.

ಸಮಿತಿಯ ಅಧ್ಯಕ್ಷರು ಅದೇ ಮರುಳಸಿದ್ದಯ್ಯ ಎಂದು ಗೊತ್ತಾದದ್ದು ಮೊದಲ ಸಭೆಯ ದಿನ. ಎಂಬತ್ತರ ಹತ್ತಿರದ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಅದೇ ಮೆಲುದನಿ. ಮೂರನೆಯ ಸದಸ್ಯರು ಯೋಗೀಶ್. ಒಬ್ಬರು ಹಳೆಯ ಸಂಪಾದಕರು, ಇನ್ನೊಬ್ಬರು ಈಗಿನವರು. ತಮ್ಮ ಪತ್ರಿಕೆಗೆ ತಾವೇ ಅಂಕ ಹಾಕಿಕೊಳ್ಳಲು ಕೂತಿದ್ದರು. ಮೇಜಿನ ಮೇಲೆ ಕರಡು ವರದಿ ಆಗಲೇ ಸಿದ್ಧವಾಗಿತ್ತು. ‘ಪತ್ರಿಕೆಯು ಹಂತಹಂತವಾಗಿ ಬೆಳೆದು ಇಂದು ಉನ್ನತ ಸ್ಥಿತಿಯನ್ನು ತಲುಪಿದೆ’ ಎಂದು ಮೊದಲ ಸಾಲಿನಲ್ಲೇ ಇತ್ತು. ಹಿಂದೆ ಸಂಚಿಕೆಗೆ ಎಂಟು ಹತ್ತು ಲೇಖನ ಬರುತ್ತಿದ್ದುದು ಈಗ ನಲವತ್ತು ದಾಟಿದೆ ಎಂದು ತೋರಿಸುವ ಬಣ್ಣದ ನಕ್ಷೆಯೂ ಇತ್ತು.

“ಸರ್, ಇನ್ನೂ ಯಾರೂ ಏನೂ ಓದೇ ಇಲ್ವಲ್ಲ” ಎಂದರು ಫಾಮಿದಾ.

“ನಾನು ಅದರಲ್ಲೇ ಬಾಳಿದೋನು ಕಣಮ್ಮ. ಓದೋದೇನಿದೆ?”

ಬೇರೆ ಯಾರಾದರೂ ಆ ಮಾತು ಹೇಳಿದ್ದರೆ ಫಾಮಿದಾ ಅಲ್ಲೇ ಎದ್ದು ಬರುತ್ತಿದ್ದರು. ಗುರು ಅನ್ನುವ ಮುಲಾಜಿಗೆ ಕೂತೇ ಇದ್ದರು. ಆದರೂ ಎಲ್ಲ ಸಂಚಿಕೆಗಳನ್ನೂ ಓದದೆ ಸಹಿ ಹಾಕುವುದಿಲ್ಲ ಎಂದು ಹಟ ಹಿಡಿದರು. ಯೋಗೀಶ್ ಮುಖ ಗಂಟು ಹಾಕಿಕೊಂಡೇ ಎರಡು ರಟ್ಟಿನ ಪೆಟ್ಟಿಗೆ ತುಂಬಿಸಿ ವಿಭಾಗದ ಕಾರಿನಲ್ಲಿ ಮನೆಗೆ ಕಳಿಸಿದರು.

ಓದುತ್ತಾ ಹೋದ ಹಾಗೆ ಫಾಮಿದಾಗೆ ಕೋಪ ತರಿಸಿದ್ದು ಹಳೆಯ ಸಂಚಿಕೆಗಳಲ್ಲ, ಹೊಸವು. ಈಚಿನ ಸಂಚಿಕೆಗಳು ಇಟ್ಟಿಗೆಯಷ್ಟು ದಪ್ಪ. ಬಡ್ತಿಗೆ ಬೇಕೆಂದು ಬರೆದವು, ಬರೆಯದೆಯೇ ಅಂಟಿಸಿದವು. ಒಂದೇ ಪ್ಯಾರಾ ಒಂದೇ ಲೇಖನದಲ್ಲಿ ಮೂರು ಕಡೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹಂದನಕೆರೆಯ ವೀರಗಲ್ಲನ್ನು ಒಬ್ಬ ಮಹಾಶಯ ತುರುವೇಕೆರೆ ತಾಲ್ಲೂಕಿಗೆ ಸೇರಿಸಿ, ಅಲ್ಲಿ ಹೋಟೆಲು ಕಟ್ಟಿದರೆ ಪ್ರವಾಸಿಗರು ಬರುತ್ತಾರೆ ಎಂದು ಮುಗಿಸಿದ್ದ. ‘ತಜ್ಞರಿಂದ ಪರಿಶೀಲಿತ’ ಎಂದು ಕೆಳಗೆ ಅಚ್ಚಾಗಿತ್ತು. ಯಾವ ತಜ್ಞ, ಯಾವ ಪರಿಶೀಲನೆ ಎಂದು ಒಬ್ಬರೇ ಕೂತು ಗೊಣಗಿದರು.

ಮೊದಮೊದಲ ಸಂಚಿಕೆಗಳು ತೆಳ್ಳಗಿದ್ದವು. ಪತ್ರಿಕೆ ಶುರು ಮಾಡಿದ ಶ್ರೀರಂಗಯ್ಯ ಎಂಬ ಸಂಪಾದಕರಿಗೆ ರಾಜವಂಶಗಳ ಮೇಲೆ ಮೋಹ, ಶಾಸನ ಕಂಡರೆ ಜೀವ. ತಪ್ಪಿದ್ದರೂ ಪ್ರೀತಿಯಿತ್ತು. ಆಮೇಲೆ ತೊಂಬತ್ತರ ದಶಕದ ಆರಂಭದಿಂದ ಪತ್ರಿಕೆಯ ಚಹರೆಯೇ ಬೇರೆ. ಕೆರೆಯ ತೂಬು ಎತ್ತುವವರು, ಚಿಕ್ಕನಾಯಕನಹಳ್ಳಿ ಗುಡ್ಡಗಳಲ್ಲಿ ಕುರಿ ಮೇಯಿಸುವವರು, ಕಂಬಳಿ ನೇಯುವವರು, ಬಾವಿ ತೋಡುವವರು. ಹಳ್ಳಿಯ ಮೇಷ್ಟ್ರುಗಳು ಬರೆದ ಲೇಖನಗಳಲ್ಲೂ ಒಂದು ಸಡಿಲ ಸಾಲಿಲ್ಲ. ಪ್ರತಿ ಸಂಚಿಕೆಯ ಕೊನೆಗೆ ‘ಹಿಂದಿನ ಸಂಚಿಕೆಯಲ್ಲಿ ನಾವು ಮಾಡಿದ ತಪ್ಪುಗಳು’ ಎಂದು ಒಂದು ಪುಟ. ಇಂಥ ಪತ್ರಿಕೆ ಇನ್ನೆಲ್ಲಿತ್ತು ಎಂದು ಅವರಿಗೆ ಎದೆ ತುಂಬಿ ಬಂತು.

ಆದರೆ ಒಂದು ಸಂಗತಿ ಮಾತ್ರ ತಾಳೆಯಾಗಲಿಲ್ಲ. ಮರುಳಸಿದ್ದಯ್ಯ ನಿವೃತ್ತರಾದ ಮೇಲೂ ಪತ್ರಿಕೆ ಹಾಗೇ ಇತ್ತು. ಇನ್ನೊಬ್ಬರು ಸಂಪಾದಕರಾದರು, ಆಗಲೂ ಹಾಗೇ. ಯೋಗೀಶ್ ಬಂದ ಮೊದಲೆರಡು ವರ್ಷವೂ ಹಾಗೇ ನಡೆದು, ಆಮೇಲೆ ಯೋಗೀಶ್ ಇರುವಾಗಲೇ ಒಮ್ಮೆಲೇ ಮಕಾಡೆ ಬಿದ್ದಿತ್ತು. ತಪ್ಪುಗಳ ಪುಟವೂ ಆ ವರ್ಷವೇ ಮಾಯ. ಸಂಪಾದಕರು ಬದಲಾದಾಗ ಬದಲಾಗದ ಪತ್ರಿಕೆ, ಅವರು ಬದಲಾಗದೇ ಇದ್ದಾಗ ಯಾಕೆ ಕೆಟ್ಟಿತು? ಹಳೆಯ ಲೇಖಕರನ್ನೇ ಹೋಗಿ ಕೇಳೋಣ ಎಂದು ಫಾಮಿದಾ ಹೊರಟರು. ಗ್ಯಾರೇಜು ಇಟ್ಟುಕೊಂಡಿದ್ದ ತಮ್ಮ ಜುಲ್ಫಿಕರ್ ರಿಪೇರಿಗೆ ಬಂದಿದ್ದ ಯಾರದೋ ಕಾರನ್ನು ‘ಓಡಿಸಿ ನೋಡಬೇಕು’ ಎಂಬ ನೆಪದಲ್ಲಿ ತಂದು ಅಕ್ಕನನ್ನು ಹತ್ತಿಸಿಕೊಂಡ.

ಹಂದನಕೆರೆಯಲ್ಲಿ ದುರ್ಗಯ್ಯ ಎಂಬ ನಿವೃತ್ತ ಹೆಡ್‌ಮಾಸ್ಟರು ಸಿಕ್ಕರು. ಅಲ್ಲಿನ ವೀರಗಲ್ಲಿನ ಬಗ್ಗೆ ನೆಲಚರಿತೆಯಲ್ಲಿ ಬರೆದವರು. ರಾಗಿ ಒಣಗಲು ಹರವಿದ್ದ ಅಂಗಳದಲ್ಲಿ ಕುರ್ಚಿ ಹಾಕಿಸಿ ಕೂರಿಸಿದರು.

“ಮರುಳಸಿದ್ದಯ್ಯನವರು ನಿಮ್ಮ ಲೇಖನಾನ ಹೇಗೆ ತಿದ್ದುತಿದ್ರು ಮೇಷ್ಟ್ರೇ?” ಎಂದು ಕೇಳಿದರು ಫಾಮಿದಾ.

“ಅವ್ರ ಮುಖ ನಾನು ಕಂಡೇ ಇಲ್ಲ ಕಣ್ ಮೇಡಂ. ತಿದ್ದುತಿದ್ದೋರು ವಿಮಲಮ್ಮ ಅಲ್ವಾ?”

“ಯಾವ ವಿಮಲಮ್ಮ?”

ದುರ್ಗಯ್ಯ ಅವರನ್ನೇ ನೋಡಿದರು. “ಪತ್ರಿಕೆ ನಡೆಸ್ತಿದ್ದ ವಿಮಲಮ್ಮ. ಕಲ್ಲಿನಾಗೆ ಚಿತ್ರ ಕೆತ್ತಿದ ಮೂರು ಪಟ್ಟಿ ಐತೆ ಅಂತ ನಾನು ಬರೆದಿದ್ದೆ. ಮಣ್ಣಾಗೆ ಇನ್ನೊಂದು ಹೂತೋಗಿರಬೌದು, ನೋಡಿದ್ರಾ ಅಂದ್ರು. ಇಲ್ಲ ಅಂದೆ. ಅಷ್ಟಕ್ಕೇ ಬಸ್ಸತ್ತಿ ಬಂದೇ ಬುಟ್ರು. ಮೈಯಾಗೆ ಜ್ವರ ಬೇರೆ. ಕುಂತ್ಕಳಿ ತಾಯಿ ಅಂದ್ರೂ ಕೇಳ್ಲಿಲ್ಲ. ಇಬ್ರೂ ಸೇರಿ ಅಗೆದ್ವಿ. ಇತ್ತು, ನಾಲ್ಕನೇದು. ಹೆಂಗಸಿನ ಚಿತ್ರ. ಅದೇ ಅಲ್ವಾ ಲೇಖನದ ಜೀವ?”

“ಪತ್ರಿಕೇಲಿ ಎಲ್ಲೂ ಅವರ ಹೆಸರೇ ಇಲ್ಲವಲ್ಲ?”

“ಇಲ್ವಾ?” ಎಂದರು ದುರ್ಗಯ್ಯ. “ನಾನೂ ಯಾವತ್ತೂ ನೋಡ್ಲಿಲ್ಲ ನೋಡಿ. ನಮ್ಮ ಹೆಸರು ಐತಾ ಅಂತ ಮಾತ್ರ ನೋಡ್ಕಂಡೆ.” ಆಮೇಲೆ, ಅವರು ಶೆಟ್ಟಿಕೆರೆಯವರು, ಈಗ ಅಲ್ಲೇ ತೋಟ ನೋಡಿಕೊಂಡು ಇದ್ದಾರೆ ಎಂದು ದಾರಿ ಹೇಳಿದರು.

ಕಾರಿನಲ್ಲಿ ಫಾಮಿದಾ ಕಿಟಕಿಯ ಕಡೆ ತಿರುಗಿ ಕೂತರು. “ಯಾಕೆ ಆಪಾ, ಯಾರು ಏನಂದ್ರು?” ಎಂದು ಜುಲ್ಫಿಕರ್ ಕೇಳಿದ್ದಕ್ಕೆ, “ಯಾರೂ ಏನೂ ಅನ್ಲಿಲ್ಲ. ಅದೇ ಆಗಿರೋದು” ಎಂದರು.

ಶೆಟ್ಟಿಕೆರೆಯ ತೋಟದಲ್ಲಿ ಆಳುಗಳು ಕಾಯಿ ಸುಲಿಯುತ್ತಿದ್ದರು. ಮಟ್ಟೆಯ ರಾಶಿಯ ಪಕ್ಕದಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದ ಸಣಕಲು ಹೆಂಗಸು ಫಾಮಿದಾರ ಹೆಸರು ಕೇಳಿದ ಕೂಡಲೇ, “ಕೊಬ್ಬರಿ ಸಂತೆ ಲೇಖನದ ಫಾಮಿದಾನಾ ನೀವು?” ಎಂದರು. ಆಮೇಲೆ ಯಾವ ಪೀಠಿಕೆಯೂ ಇಲ್ಲದೆ, “ಚೀಲ ಹೊಲಿದೋರ ಹತ್ರ ಹೋಗಿ ಮಾತಾಡಿಸಿ ಚೆನ್ನಾಗಿ ಬರೆದ್ರಿ. ಯಾರು ಸಿಕ್ಕಿದ್ರು?” ಎಂದು ಕೇಳಿದರು.

“ನಮ್ಮಪ್ಪನೇ ಹೊಲೀತಿದ್ರು.”

“ಗೊತ್ತಿರ್ಲಿಲ್ಲ ಕಣ್ರೀ. ಗೊತ್ತಿದ್ದಿದ್ರೆ ಅಂಚಿನಲ್ಲಿ ಇನ್ನೂ ಜೋರಾಗೇ ಬರೀತಿದ್ದೆ.”

ಫಾಮಿದಾ ಮಟ್ಟೆಯ ರಾಶಿಯ ಮೇಲೇ ಕೂತುಬಿಟ್ಟರು. ಮೂವತ್ತು ವರ್ಷದ ಕೃತಜ್ಞತೆ ಯಾರ ಮನೆಗೋ ಹೋಗಿ ಸೇರಿತ್ತು. ಅದನ್ನು ಕೈಯಾರೆ ತೆಗೆದುಕೊಂಡವರು ಕನ್ನಡಕ ತೆಗೆದು ‘ನನ್ನ ಪಾಲಿನ ಕೆಲಸ’ ಎಂದಿದ್ದರು.

ವಿಮಲಮ್ಮ ತಮ್ಮ ಕಥೆಯನ್ನು ಯಾರದೋ ಕಥೆಯೆಂಬಂತೆ ಹೇಳಿದರು. ಇತಿಹಾಸದಲ್ಲಿ ಎಂ.ಎ. ಮುಗಿಸಿ ವಿಭಾಗಕ್ಕೆ ತಾತ್ಕಾಲಿಕ ಸಹಾಯಕಿಯಾಗಿ ಸೇರಿದ್ದು. ಕೆಲಸ ಪತ್ರಿಕೆಗೆ ಅಂಚೆಚೀಟಿ ಹಚ್ಚುವುದು. ಅಂಚೆಚೀಟಿ ಹಚ್ಚುವ ಮೊದಲು ಓದಿದ್ದು, ಓದಿ ತಡೆಯಲಾರದೆ ತಿದ್ದಿದ್ದು. ಮರುಳಸಿದ್ದಯ್ಯನವರಿಗೆ ಇದು ಬಹಳ ಅನುಕೂಲವಾಯಿತು. ಲೇಖನ ಆರಿಸುವುದು, ಹಿಂದಕ್ಕೆ ಕಳಿಸುವುದು, ಊರೂರಿಗೆ ಹೋಗಿ ನೋಡಿ ಬರುವುದು, ಕರಡಚ್ಚು, ಎಲ್ಲ ಇವರದೇ ಆಯಿತು. ಸಹಿ ಮಾತ್ರ ಅವರದು. ಅಧ್ಯಾಪಕರ ಹುದ್ದೆ ಖಾಲಿಯಾದಾಗಲೆಲ್ಲ ವಿಮಲಮ್ಮ ಅರ್ಜಿ ಹಾಕಿದರು. ಆಯ್ಕೆ ಸಮಿತಿಯಲ್ಲಿ ಮರುಳಸಿದ್ದಯ್ಯನವರೇ ಇದ್ದರು.

“‘ನೀನು ಪಾಠಕ್ಕೆ ಹೋದ್ರೆ ಪತ್ರಿಕೆ ಗತಿ ಏನು ವಿಮಲಾ’ ಅನ್ನೋರು. ಹೊಗಳಿಕೆ ಅಂದ್ಕೊಂಡೆ ನಾನು. ಮೂರು ಸಲ ಅಂದ್ಕೊಂಡೆ” ಎಂದು ಒಣನಗೆ ನಕ್ಕರು. “ಆಮೇಲೆ ಯೋಗೀಶ್ ಕಾಲಕ್ಕೆ ತಾತ್ಕಾಲಿಕದವರನ್ನೆಲ್ಲ ತೆಗೆದ್ರು. ಲೇಖನ ಎಲ್ಲ ಕಂಪ್ಯೂಟರಿಗೇ ಬರುತ್ತೆ, ಅಂಚೆಚೀಟಿ ಹಚ್ಚೋರು ಬೇಕಿಲ್ಲ ಅಂದ್ರು. ನಿಜ ತಾನೆ? ಬಂದ್ಬುಟ್ಟೆ.”

“ನಾನು ಸುಮ್ಮನಿರಲ್ಲ” ಎಂದರು ಫಾಮಿದಾ.

“ಇರ್ಬೇಡಿ. ಆದ್ರೆ ಅಳೋ ಕಥೆ ಮಾಡ್ಬೇಡಿ, ನನಗಾಗಲ್ಲ.”

ಆ ವಾರವೇ ಫಾಮಿದಾ ಕರಡು ವರದಿಗೆ ತಮ್ಮ ಭಿನ್ನಾಭಿಪ್ರಾಯವನ್ನು ಬರೆದು ಶೆಟ್ಟಿಕೆರೆಗೆ ಒಯ್ದರು. ವಿಮಲಮ್ಮ ಪಡಸಾಲೆಯ ಕಂಬಕ್ಕೆ ಒರಗಿ ಕೂತು, ಸೊಸೆ ಲಿಖಿತಾಳ ಕೈಯಿಂದ ಪೆನ್ಸಿಲು ತರಿಸಿಕೊಂಡು ಓದತೊಡಗಿದರು. ‘ಘೋರ ಅನ್ಯಾಯ’ ಎಂಬಲ್ಲಿ ಘೋರ ಹೋಯಿತು. ‘ನಿರ್ಲಜ್ಜ’ ಹೋಯಿತು. ಒಂದಿಡೀ ಪುಟಕ್ಕೆ ಅಡ್ಡಗೆರೆ ಬಿತ್ತು.

“ಏನ್ರೀ ಇದು, ನಿಮ್ಮ ಪರವಾಗೇ ಬರೆದಿದ್ದೀನಿ” ಎಂದರು ಫಾಮಿದಾ, ನಿಜವಾಗಿ ನೊಂದು.

“ಕೋಪ ಜಾಸ್ತಿ ಆಧಾರ ಕಮ್ಮಿ ಆಗಿದೆ. ಏನಾಯ್ತೋ ಅದನ್ನ ಬರೀರಿ. ಘೋರ ಅಂತ ಓದಿದೋರು ಅಂದ್ಕೊಳ್ಳಲಿ. ಇಲ್ಲಿ ನೋಡಿ, ಶ್ರೀರಂಗಯ್ಯನವರ ಕಾಲ ಏನೂ ಅಲ್ಲ ಅನ್ನೋ ಹಾಗೆ ಬರೆದಿದ್ದೀರಿ. ತಪ್ಪು. ಹಳ್ಳಿ ಮೇಷ್ಟ್ರಿಗೆ ಮೊದಲು ಬಾಗಿಲು ತೆಗೆದೋರು ಅವರು. ನನ್ನನ್ನ ಎತ್ತಕ್ಕೆ ಅವರನ್ನ ಇಳಿಸ್ಬೇಡಿ.”

ತಿದ್ದಿ ಮುಗಿಸಿದಾಗ ಉಳಿದದ್ದು ಎರಡೇ ಪುಟ. ಓದಿದರೆ ಬೆನ್ನು ನೆಟ್ಟಗಾಗುವಂತಿತ್ತು.

ಎರಡನೆಯ ಸಭೆಯಲ್ಲಿ ಫಾಮಿದಾ ಆ ಎರಡು ಪುಟ ಓದಿದರು. ಪತ್ರಿಕೆಯ ಅತ್ಯುತ್ತಮ ಕಾಲ ಯಾವುದು, ಆಗ ಅದನ್ನು ನಿಜವಾಗಿ ಸಂಪಾದಿಸಿದವರು ಯಾರು, ಅವರನ್ನು ತೆಗೆದ ಮೇಲೆ ಏನಾಯಿತು, ಲೇಖನಗಳ ಸಂಖ್ಯೆ ಹೆಚ್ಚಿದ್ದನ್ನು ಬೆಳವಣಿಗೆ ಅನ್ನಲು ಯಾಕೆ ಬಾರದು. ಓದುವಾಗ ಯೋಗೀಶ್ ತಲೆ ಎತ್ತಲಿಲ್ಲ. ಮರುಳಸಿದ್ದಯ್ಯ ಮಾತ್ರ ಶಾಂತವಾಗಿ ಕೇಳಿಸಿಕೊಂಡರು.

“ವಿಮಲಾ ಒಳ್ಳೆ ಹುಡುಗಿ. ಸಹಾಯ ಮಾಡ್ತಿದ್ಲು, ಇಲ್ಲ ಅನ್ನಲ್ಲ. ಆದ್ರೆ ನೋಡಮ್ಮ, ಸಂಪಾದಕ ಅನ್ನೋದು ಒಂದು ಪೀಠ. ಪೀಠದ ಕೆಳಗೆ ಯಾರು ಬರೆದರೂ ಅದು ಪೀಠ ಬರೆದದ್ದೇ. ಎಲ್ಲ ಕಡೆ ಹಾಗೇ ಇರೋದು.”

“ಹಾಗಾದ್ರೆ ನನ್ನ ಮುನ್ನುಡೀಲಿ ನಾನು ಕೈಮುಗಿದಿದ್ದು ಪೀಠಕ್ಕಾ ಸರ್?” ಫಾಮಿದಾ ದನಿ ಏರಿಸಲಿಲ್ಲ. “ಮತ್ತೆ ನೀವು ಯಾಕೆ ತಗೊಂಡ್ರಿ?”

ಮರುಳಸಿದ್ದಯ್ಯ ನೀರು ಕುಡಿದರು. ಯೋಗೀಶ್ ಗಡಿಬಿಡಿಯಿಂದ, “ಮೇಡಂ, ನಿಮ್ಮ ಅಭಿಪ್ರಾಯಾನ ವರದಿಗೆ ಲಗತ್ತಿಸ್ತೀವಿ, ನಿಯಮ ಇದೆ” ಎಂದರು. ವರದಿ ಇಬ್ಬರ ಬಹುಮತದಿಂದ ಅಂಗೀಕಾರವಾಯಿತು.

ನಿಯಮವಿತ್ತು, ಲಗತ್ತಿಸಲಿಲ್ಲ. ನಲವತ್ತರ ಸಮಾರಂಭಕ್ಕೆಂದು ವರದಿಯನ್ನು ನುಣುಪು ಕಾಗದದಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ್ದರು. ಭಿನ್ನಾಭಿಪ್ರಾಯ ಎಲ್ಲಿ ಎಂದು ಫಾಮಿದಾ ಸಭಾಂಗಣದ ಬಾಗಿಲಲ್ಲೇ ಯೋಗೀಶರನ್ನು ಹಿಡಿದು ನಿಲ್ಲಿಸಿ ಕೇಳಿದರು.

“ನಿಮ್ಮದು ಕನ್ನಡದಲ್ಲಿತ್ತಲ್ಲ ಮೇಡಂ. ಅನುವಾದ ಮಾಡಿಸೋಕೆ ಟೈಮಾಗ್ಲಿಲ್ಲ.”

ಕನ್ನಡ ಪತ್ರಿಕೆಯೊಂದರ ಬೆಳವಣಿಗೆಯ ವರದಿಯಲ್ಲಿ ಕನ್ನಡದ ಎರಡು ಪುಟಕ್ಕೆ ಜಾಗವಿರಲಿಲ್ಲ. ವೇದಿಕೆಯ ಮೇಲೆ ಮರುಳಸಿದ್ದಯ್ಯನವರಿಗೆ ಶಾಲು, ಗಂಧದ ಹಾರ, ಜರಿ ಪೇಟ. ಈ ಪತ್ರಿಕೆಯನ್ನು ಮಗುವಿನಂತೆ ಸಾಕಿದವರು ಎಂದು ಕುಲಪತಿಗಳು ಹೊಗಳಿದರು. ಸಮಿತಿಯ ಸದಸ್ಯೆಯೆಂದು ಫಾಮಿದಾರನ್ನೂ ನಾಲ್ಕು ಮಾತಾಡಲು ಕರೆದರು. ಅವರು ಮೈಕಿನ ಮುಂದೆ ನಿಂತು, ಚೀಲದಿಂದ ಎರಡು ಹಾಳೆ ತೆಗೆದು, ಮೊದಲ ಸಾಲಿನಿಂದ ಓದಲು ಶುರುಮಾಡಿದರು.

ಮೊದಲ ಪುಟ ಮುಗಿಯುವ ಹೊತ್ತಿಗೆ ನಿರೂಪಕಿ ಚೀಟಿ ತಂದಿಟ್ಟಳು. ಫಾಮಿದಾ ಅದನ್ನು ಪಕ್ಕಕ್ಕೆ ಸರಿಸಿ ಎರಡನೆಯ ಪುಟ ಓದಿದರು. ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಂದಿನ ಸಾಲಿನ ಅಧ್ಯಾಪಕರು ಫೋನು ನೋಡಿಕೊಳ್ಳುತ್ತಿದ್ದರು. ಅವರಲ್ಲಿ ಕೆಲವರ ಮೊದಲ ಲೇಖನವನ್ನು ವಿಮಲಮ್ಮನೇ ತಿದ್ದಿದ್ದರು. ಹಳೆಯ ಲೇಖಕರಿಗೆಂದು ಬಿಟ್ಟಿದ್ದ ಹಿಂದಿನ ಸಾಲಿನಿಂದ ದುರ್ಗಯ್ಯ ಎದ್ದು ನಿಂತರು.

“ಅವ್ರು ಓದಿದ್ದು ನಿಜ. ನಂದೂ ಆಯಮ್ಮನೇ ತಿದ್ದಿದ್ದು” ಎಂದು, ಜ್ವರದಲ್ಲಿ ಬಸ್ಸು ಹತ್ತಿ ಬಂದ ಸಂಗತಿಯನ್ನು ಎಲ್ಲರೆದುರು ಹೇಳಿದರು. ಹೇಳಿ, ಕೂರದೆ, ನಿಂತೇ ಇದ್ದರು. ತುರುವೇಕೆರೆಯ ಕಡೆಯ ಇನ್ನೊಬ್ಬ ಮೇಷ್ಟ್ರು ಎದ್ದು ‘ನಂದೂ’ ಎಂದಷ್ಟೇ ಹೇಳಿದರು. ಅಷ್ಟೇ. ‘ಪರಿಶೀಲಿಸೋಣ’ ಎಂದರು ಕುಲಪತಿಗಳು. ವಂದನಾರ್ಪಣೆ ನಡೆದು ಎಲ್ಲರೂ ಊಟಕ್ಕೆ ಎದ್ದರು. ಫಾಮಿದಾ ಊಟ ಮಾಡದೆ ಬಸ್ಸು ಹತ್ತಿದರು.

ಮಾರನೆಯ ದಿನ ಶೆಟ್ಟಿಕೆರೆಗೆ ಹೋದಾಗ ವಿಮಲಮ್ಮ ಅಟ್ಟದಿಂದ ಇಳಿಸಿದ ಕೊಬ್ಬರಿ ಒಡೆಸುತ್ತಿದ್ದರು. ಸಮಾರಂಭಕ್ಕೆ ಬನ್ನಿ ಎಂದು ಫಾಮಿದಾ ಕರೆದಿದ್ದರೂ ಅವರು ಬಂದಿರಲಿಲ್ಲ. ಅನುವಾದಕ್ಕೆ ಟೈಮಾಗಲಿಲ್ಲ ಎಂಬ ಮಾತು ಕೇಳಿ ವಿಮಲಮ್ಮ ನಕ್ಕರು. ಪೀಠದ ಮಾತಿಗೂ, ಮಗುವಿನಂತೆ ಸಾಕಿದವರು ಎಂದದ್ದಕ್ಕೂ ನಕ್ಕರು. ಶಾಲಿನ ವಿಷಯಕ್ಕೆ, “ತಗೊಳ್ಳಲಿ ಬುಡಿ, ವಯಸ್ಸಾಗಿದೆ, ಚಳಿಗಾಗುತ್ತೆ” ಎಂದರು. ಆಮೇಲೆ ಫಾಮಿದಾ ದುರ್ಗಯ್ಯ ಎದ್ದು ನಿಂತದ್ದನ್ನು ಹೇಳಿದರು. ಅವರು ಜ್ವರದ ಮಾತು ತೆಗೆದದ್ದನ್ನು, ಮಾತು ಮುಗಿದ ಮೇಲೂ ಕೂರದೆ ನಿಂತಿದ್ದನ್ನು ಹೇಳಿದರು.

ವಿಮಲಮ್ಮನ ನಗು ಅಲ್ಲಿಗೆ ನಿಂತಿತು. ಕೈಯಲ್ಲಿದ್ದ ಕೊಬ್ಬರಿ ಗಿಟುಕನ್ನು ಕೆಳಗಿಟ್ಟರು.

“ಜ್ವರ ಇತ್ತು ಅಂತ ಅವರಿಗೆ ನೆನಪಿದೆಯಾ?” ಎಂದರು. ಆಮೇಲಿನ ಮಾತು ಬೇರೆಯೇ ದನಿಯಲ್ಲಿತ್ತು. “ನನಗೊಂದು ಮೇಜು ಕೊಡ್ಲಿಲ್ಲ ಕಣ್ರೀ ಅವರು. ಹಳೇ ಸಂಚಿಕೆ ಕಟ್ಟುಗಳನ್ನ ಒಂದರ ಮೇಲೊಂದು ಪೇರಿಸಿ ಅದರ ಮೇಲೆ ಹಾಳೆ ಇಟ್ಕೊಂಡು ತಿದ್ದುತಿದ್ದೆ. ಸೆಮಿನಾರ್ ಆದ್ರೆ ಕಾಫಿ ಕೊಡೋಕೆ ನನ್ನನ್ನೇ ಕರೆಯೋರು. ನಾನು ತಿದ್ದಿದ ಲೇಖನಾನ ಅದರ ಲೇಖಕ ಅಲ್ಲಿ ಓದ್ತಿರೋನು, ನಾನು ಅವನ ಮುಂದೆ ಕಾಫಿ ಲೋಟ ಹಿಡ್ಕೊಂಡು ನಿಂತಿರ್ತಿದ್ದೆ. ಮರುಳಸಿದ್ದಯ್ಯ ನೋಡ್ತಿದ್ರು. ನೋಡ್ತಾನೇ ಇದ್ರು. ಪೀಠವಂತೆ. ಅಯೋಗ್ಯರು. ಘೋರ ಕಣ್ರೀ ಅದು, ಘೋರ.”

ಕೊಬ್ಬರಿ ಒಡೆಯುತ್ತಿದ್ದ ಆಳುಗಳು ಕೈ ನಿಲ್ಲಿಸಿ ನೋಡಿದರು. ಒಳಗಿಂದ ಸೊಸೆ ಬಾಗಿಲಿಗೆ ಬಂದಳು. ವಿಮಲಮ್ಮ ಯಾರನ್ನೂ ಲೆಕ್ಕಿಸಲಿಲ್ಲ. ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳಲೂ ಇಲ್ಲ. ಅಷ್ಟು ವರ್ಷ ಒಳಗೇ ಒಣಗಲು ಬಿಟ್ಟಿದ್ದ ಸಿಟ್ಟು ಒಂದೊಂದೇ ಹೆಸರು ಹಿಡಿದು ಹೊರಗೆ ಬರುತ್ತಿತ್ತು. ಫಾಮಿದಾ ಸಮಾಧಾನದ ಒಂದು ಮಾತೂ ಆಡಲಿಲ್ಲ. ಸಮಾಧಾನ ಹೇಳುವುದು ಆಗ ದೊಡ್ಡ ತಪ್ಪಾಗುತ್ತಿತ್ತು ಎಂದು ಅವರಿಗೆ ಅನ್ನಿಸಿತು.

ವಿಶ್ವವಿದ್ಯಾಲಯ ಆಮೇಲೆ ಏನನ್ನೂ ಪರಿಶೀಲಿಸಲಿಲ್ಲ. ಮುಂದಿನ ಸಂಚಿಕೆ ಇನ್ನೂ ದಪ್ಪಗಾಗಿ ಬಂತು. ಫಾಮಿದಾ ತಮ್ಮ ಪುಸ್ತಕದ ಮರುಮುದ್ರಣಕ್ಕೆ ಹೊಸ ಮುನ್ನುಡಿ ಬರೆದು, ಹಳೆಯದು ಯಾಕೆ ತಪ್ಪು ಎಂದು ಅದರಲ್ಲೇ ಹೇಳಿದರು. ವಿಮಲಮ್ಮ ಅದನ್ನೂ ತಿದ್ದಿದರು. ನೆಲಚರಿತೆಯ ಚರಿತ್ರೆಯನ್ನು ಮೊದಲಿಂದ ಬರೆಯುತ್ತೇನೆ, ನನ್ನ ಹೆಸರಲ್ಲೇ ಬರೆಯುತ್ತೇನೆ, ಈ ಸಲ ಯಾರ ಸಹಿಯೂ ಬೇಡ ಎಂದು ವಿಮಲಮ್ಮ ಫಾಮಿದಾಗೆ ಫೋನು ಮಾಡಿದ್ದು ಕಾಯಿ ಇಳಿಸುವ ಕೆಲಸವೆಲ್ಲ ಮುಗಿದ ಮೇಲೆ. ಆ ಕೆಲಸಕ್ಕಾಗಿ ತಿಪಟೂರಿಗೆ ಹೋಗಿ ತಾವೇ ಆರಿಸಿ ಒಂದು ಮೇಜು ಕೊಂಡು, ಬಾಡಿಗೆ ಆಟೋದಲ್ಲಿ ಮನೆಗೆ ತಂದಿದ್ದರಂತೆ.